ಗಡಿಯಾರದ ತಪ್ಪು, ಡಿಸ್ಕಿನ ಮೇಲೆ ಅನುಮಾನ

ಕೇಳುಗರೇ, ನಮಸ್ಕಾರ.

ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡವರಲ್ಲಿ ಕೆಲವರಾದರೂ ಇದನ್ನು ನೋಡಿರುತ್ತೀರಿ. ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುವುದಿಲ್ಲ, ಕಪ್ಪು ಪರದೆ ಮೇಲೆ ಒಂದು ದೂರು ಬರುತ್ತದೆ. ಸೂಪರ್‌ಬ್ಲಾಕಿನಲ್ಲಿರುವ ಕೊನೆಯ ಮೌಂಟ್ ಸಮಯ, ಅಂದರೆ ಡಿಸ್ಕನ್ನು ಕೊನೆಗೆ ಬಳಕೆಗೆ ಜೋಡಿಸಿದ ಸಮಯ, ಭವಿಷ್ಯದಲ್ಲಿದೆಯಂತೆ, ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆಯನ್ನು ನಾವೇ ಓಡಿಸಬೇಕಂತೆ! ಡಿಸ್ಕ್ ಹೋಯ್ತು ಅಂತ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಎಷ್ಟೋ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಲಿನಕ್ಸಿನಲ್ಲಿ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಅದು ತನ್ನ ಮುಖ್ಯ ಲೆಕ್ಕವನ್ನು ಸೂಪರ್‌ಬ್ಲಾಕ್ ಅನ್ನುವ ಜಾಗದಲ್ಲಿ ಇಡುತ್ತದೆ. ಕೊನೆಗೆ ಮೌಂಟ್ ಆಗಿದ್ದು ಯಾವಾಗ, ಬರೆದಿದ್ದು ಯಾವಾಗ, ಪರೀಕ್ಷೆ ಮಾಡಿದ್ದು ಯಾವಾಗ, ಎಲ್ಲ ಅಲ್ಲಿರುತ್ತದೆ. ಈ ಫೈಲ್ ಸಿಸ್ಟಮಿಗೆ ಪರೀಕ್ಷೆ ಮಾಡುವ ಎಫ್‌ಎಸ್‌ಸಿಕೆಯ ಹೆಸರು ಇ2ಎಫ್‌ಎಸ್‌ಸಿಕೆ. ಅದು ಆ ಸಮಯವನ್ನು ಕಂಪ್ಯೂಟರಿನ ಗಡಿಯಾರ ತೋರಿಸುವ ಈಗಿನ ಸಮಯದ ಜೊತೆ ಹೋಲಿಸಿ ನೋಡುತ್ತದೆ. ನಾಳೆಯ ತಾರೀಖು ಬಿದ್ದಿರುವ ರಸೀದಿ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, ಇದಕ್ಕೂ ಹಾಗೇ. ಸುಮ್ನೆ ಇಟ್ಟ ನಿಯಮವಲ್ಲ ಇದು. ಆ ಜಾಗದಲ್ಲಿ ಕಸ ಬರೆದುಹೋಗಿದ್ದರೂ ಹೀಗೇ ಕಾಣುತ್ತದೆ. ಆದರೆ ಎರಡು ಸಮಯ ತಾಳೆಯಾಗಲಿಲ್ಲ ಅಂದರೆ ತಪ್ಪು ಬರೆದಿಟ್ಟಿದ್ದರಲ್ಲೂ ಇರಬಹುದು, ಗಡಿಯಾರದಲ್ಲೂ ಇರಬಹುದು. ಹಳೇ ಪರೀಕ್ಷೆ ಗಡಿಯಾರವನ್ನು ಕಣ್ಣುಮುಚ್ಚಿ ನಂಬುತ್ತಿತ್ತು.

ಅಷ್ಟು ನಂಬಿಕೆಗೆ ಆ ಗಡಿಯಾರ ಯೋಗ್ಯವಲ್ಲ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತರೆ ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ 4ನೇ ಮಾದರಿಯವರೆಗಿನ ಬೋರ್ಡುಗಳಲ್ಲಂತೂ ಕರೆಂಟ್ ಹೋದಾಗ ಸಮಯ ಕಾಯುವ ಗಡಿಯಾರವೇ ಇಲ್ಲ. ಇನ್ನು ವಿಂಡೋಸ್ ಮತ್ತು ಲಿನಕ್ಸ್ ಒಂದೇ ಯಂತ್ರದಲ್ಲಿದ್ದರೆ ಬೇರೆಯದೇ ಪಂಚಾಯ್ತಿ. ವಿಂಡೋಸ್ ಗಡಿಯಾರಕ್ಕೆ ಊರಿನ ಸಮಯ ಕೊಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಅದನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಅಂತ ಓದುತ್ತದೆ. ನ್ಯೂಯಾರ್ಕಿನಲ್ಲಿ ಚಳಿಗಾಲವಾದರೆ ಹೀಗೆ ಓದಿದ ಸಮಯ 5 ಗಂಟೆ ಹಿಂದಿರುತ್ತದೆ. ಈಗಷ್ಟೇ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ, ಸಮಯ ಸರಿಹೋಗುವ ಮೊದಲೇ ಹಳೇ ಪರೀಕ್ಷೆ ಶುರುವಾದರೆ, ಮುಗೀತು, ಅದೇ ದೂರು. ನಮ್ಮಲ್ಲಿ ಉಲ್ಟಾ: ಐದೂವರೆ ಗಂಟೆ ಮುಂದೆ. ಹಾಗಾಗಿ ಸುಮ್ಮನೆ ರೀಬೂಟ್ ಮಾಡಿದರೆ ಗೊತ್ತೇ ಆಗುವುದಿಲ್ಲ, ಸರಿಯಾದ ಸಮಯವಿರುವ ಇನ್ನೊಂದು ಲಿನಕ್ಸಿನಿಂದ ಅದೇ ಡಿಸ್ಕನ್ನು ಪರೀಕ್ಷಿಸಿದಾಗ ಬಯಲಾಗುತ್ತದೆ.

ಇದನ್ನು ಸರಿಪಡಿಸಿದ ರೀತಿ ನನಗೆ ಇಷ್ಟ. ಪರೀಕ್ಷೆಯನ್ನು ಕಿತ್ತುಹಾಕಲಿಲ್ಲ, 24 ಗಂಟೆ ರಿಯಾಯಿತಿ ಕೊಟ್ಟರು. ವ್ಯತ್ಯಾಸ ಒಂದು ದಿನಕ್ಕಿಂತ ಕಡಿಮೆ ಇದ್ದರೆ, ಗಡಿಯಾರ ತಪ್ಪಿರಬೇಕು ಅಂತ ಹೇಳಿ, ಇ2ಎಫ್‌ಎಸ್‌ಸಿಕೆ ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಲೆಕ್ಕ ಸರಿಯಾಗಿದೆ. ಯುಟಿಸಿಗಿಂತ ಅತಿ ಮುಂದಿರುವ ಜಾಗ 14 ಗಂಟೆ ಮುಂದೆ, ಅತಿ ಹಿಂದಿರುವುದು 12 ಗಂಟೆ ಹಿಂದೆ. ಊರಿನ ಸಮಯವನ್ನು ಯುಟಿಸಿ ಅಂದುಕೊಂಡರೆ ತಪ್ಪು ಅಷ್ಟರೊಳಗೇ ಇರುತ್ತದೆ. (ಇ2ಎಫ್‌ಎಸ್‌ಸಿಕೆಯ ಸೆಟ್ಟಿಂಗುಗಳ ಕೈಪಿಡಿಯಲ್ಲಿ ವಿಂಡೋಸಿನ ಈ ಅಭ್ಯಾಸದ ಬಗ್ಗೆ ಸಣ್ಣ ಗೊಣಗಾಟವೂ ಇದೆ, ಬಿಡುವಿದ್ದರೆ ಓದಿ.) ಗಡಿಯಾರವೇ ಇಲ್ಲದ ಬೋರ್ಡುಗಳಿಗೆ ಒಂದು ದಿನ ಸಾಲದು. ಅವಕ್ಕೆ 'ಬ್ರೋಕನ್ ಸಿಸ್ಟಮ್ ಕ್ಲಾಕ್' ಅನ್ನುವ ಬೇರೆ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಸಮಯದ ಪರೀಕ್ಷೆ ಮಾತ್ರ ಬಿಟ್ಟುಹೋಗುತ್ತದೆ, ಉಳಿದದ್ದೆಲ್ಲ ನಡೆಯುತ್ತದೆ.

ಡೆಸ್ಕ್‌ಟಾಪಿನಲ್ಲಿ ಮಾತ್ರ ದಯವಿಟ್ಟು ಅದನ್ನು ಹಾಕಬೇಡಿ. ಸೋಮಾರಿತನ ಅದು. ಸಿಆರ್2032 ಅನ್ನುವ ಆ ಬಿಲ್ಲೆ ಬ್ಯಾಟರಿಗೆ ಜಾಸ್ತಿ ದುಡ್ಡೇನೂ ಆಗಲ್ಲ, ಬದಲಾಯಿಸಿ, ಸಮಯ ಸರಿ ಮಾಡಿ, ಆಮೇಲೆ ಎಫ್‌ಎಸ್‌ಸಿಕೆ ಓಡಿಸಿ. ಆ ಡಿಸ್ಕ್ ಆಗ ಮೌಂಟ್ ಆಗಿರಬಾರದು, ಅಷ್ಟು ನೋಡಿಕೊಳ್ಳಿ.