ಮಳಿಗೆ ಕೊಂಡವರು ಗ್ರಾಹಕರೇ?

ಕೇಳುಗರೆ, ನಮಸ್ಕಾರ. ಇಪ್ಪತ್ತು ವರ್ಷ ಬಾಡಿಗೆ ಜಗುಲಿಯಲ್ಲಿ ಹೊಲಿಗೆ ಯಂತ್ರ ತುಳಿದ ದರ್ಜಿಯೊಬ್ಬರು, ಕೂಡಿಟ್ಟ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ, ಕಟ್ಟುತ್ತಿರುವ ಕಾಂಪ್ಲೆಕ್ಸೊಂದರಲ್ಲಿ ಪುಟ್ಟ ಮಳಿಗೆಯನ್ನು ಕಾದಿರಿಸಿದರು ಎಂದಿಟ್ಟುಕೊಳ್ಳೋಣ. ಕರಾರಿನ ಗಡುವು ಮುಗಿದು ಮೂರು ವರ್ಷವಾದರೂ ಬೀಗದ ಕೈ ಬಂದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆಂದರೆ ಬಿಲ್ಡರ್ ಕಡೆಯವರು ಕರಾರುಪತ್ರ ಬಿಚ್ಚಿ, ‘ವಾಣಿಜ್ಯ ಮಳಿಗೆ’ ಎಂಬ ಪದಗಳ ಮೇಲೆ ಬೆರಳಿಟ್ಟು, ನೀವು ಗ್ರಾಹಕರೇ ಅಲ್ಲವಲ್ಲ ಎನ್ನುತ್ತಾರೆ.

ಇದು ಅರ್ಧ ಸತ್ಯ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕಾಗಿ ಸರಕು ಅಥವಾ ಸೇವೆ ಪಡೆದವರನ್ನು ಗ್ರಾಹಕರ ಸಾಲಿನಿಂದ ಹೊರಗಿಡುವುದು ನಿಜವೇ. ಆದರೆ ಸ್ವಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಮಾಡಿಕೊಂಡ ಬಳಕೆಯನ್ನು ಅದು ವಾಣಿಜ್ಯವೆಂದು ಎಣಿಸುವುದಿಲ್ಲ. 1986ರ ಹಳೆಯ ಕಾಯ್ದೆಯಡಿ, 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಟೋರಿಕ್ಷಾದ ಉದಾಹರಣೆ ಕೊಟ್ಟೇ ಇದನ್ನು ಬಿಡಿಸಿ ಹೇಳಿತ್ತು: ಕೊಂಡವನೇ ಓಡಿಸಿದರೆ ಗ್ರಾಹಕ, ಪೂರ್ತಿಯಾಗಿ ಬೇರೊಬ್ಬನ ಕೈಗೆ ಕೊಟ್ಟು ಓಡಿಸಿದರೆ ಅಲ್ಲ, ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಗ್ರಾಹಕತ್ವ ಹೋಗದು. ಹೀಗಾಗಿ ನಮ್ಮ ದರ್ಜಿ ಗುಂಡಿ ಹಾಕಲು ಹುಡುಗನೊಬ್ಬನನ್ನು ಇಟ್ಟುಕೊಂಡರೆ ಅಂಜಬೇಕಿಲ್ಲ. ಡೆನ್ಮಾರ್ಕ್ ಬಿಟ್ಟು ಬಂದು ದೆಹಲಿಯಲ್ಲಿ ಸ್ವಂತ ವ್ಯವಹಾರ ಹೂಡಲೆಂದು ವಾಣಿಜ್ಯ ಜಾಗವನ್ನು ಕಾದಿರಿಸಿದ್ದವರನ್ನೂ 2019ರ ಸುನೀಲ್ ಕೊಹ್ಲಿ ತೀರ್ಪು ಗ್ರಾಹಕರೆಂದೇ ಒಪ್ಪಿತು. ಅದೇ ವರ್ಷ ಮುಂಬಯಿಯ ಲೀಲಾವತಿ ಆಸ್ಪತ್ರೆಯ ಟ್ರಸ್ಟು ದಾದಿಯರ ವಸತಿಗೆ ಕೊಂಡ ಫ್ಲ್ಯಾಟುಗಳ ಪ್ರಕರಣದಲ್ಲಿ, ಕೊಂಡವರು ಯಾರು ಎನ್ನುವುದಕ್ಕಿಂತ ವ್ಯವಹಾರದ ಪ್ರಧಾನ ಉದ್ದೇಶವೇನು ಎಂಬುದನ್ನೇ ನೋಡಬೇಕೆಂದು ನ್ಯಾಯಾಲಯ ಹೇಳಿತು.

ಹಾಗೆಂದು ಮೂರು ಮಳಿಗೆ ಹಿಡಿದು ಮೂರನ್ನೂ ಬಾಡಿಗೆಗೆ ಬಿಡುವವರು, ಬೆಲೆ ಏರಿದಾಗ ಮಾರುವ ಲೆಕ್ಕ ಹಾಕಿದವರು ಈ ಸ್ವಉದ್ಯೋಗದ ವಿನಾಯಿತಿಯ ನೆರಳಿಗೆ ಬರುವುದು ಕಷ್ಟ. ಬರಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ಉದ್ದೇಶ ವಾಣಿಜ್ಯದ್ದೆಂದು ರುಜುವಾತು ಮಾಡುವ ಹೊಣೆ ಮೊದಲು ಸೇವೆ ಕೊಟ್ಟವರದೇ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಈ ಮಳಿಗೆಯಲ್ಲಿ ನಾನೇ ಕೂತು ದುಡಿಯುತ್ತೇನೆ, ನನ್ನ ಕುಟುಂಬ ಇದರಿಂದಲೇ ನಡೆಯಬೇಕು ಎಂಬ ಮಾತನ್ನು ದೂರಿನಲ್ಲಿ ಬಿಡಿಸಿ ಬರೆಯದೆ, ವಾದದ ಹೊತ್ತಿಗೆ ತಡಕಾಡುವುದು ಜಾಣತನವಲ್ಲ.

ಬಾಡಿಗೆಯ ಆದಾಯಕ್ಕೆಂದೇ ಕೊಂಡವರಿಗೂ ಬಾಗಿಲೇನೂ ಮುಚ್ಚಿಲ್ಲ. ಬಿಲ್ಡರ್‌ಗಳ ಕಟ್ಟಡ ಯೋಜನೆಗಳನ್ನು ನಿಯಂತ್ರಿಸುವ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ ಕಾಯ್ದೆಯಲ್ಲಿ ‘ಅಪಾರ್ಟ್‌ಮೆಂಟ್’ ಎಂದರೆ ವಾಸದ ಮನೆಯಷ್ಟೇ ಅಲ್ಲ, ಅಂಗಡಿ, ಕಚೇರಿ, ಗೋದಾಮು ಕೂಡ. ಆದ್ದರಿಂದ ಯೋಜನೆ ರೇರಾ ವ್ಯಾಪ್ತಿಯದಾದರೆ, ಹೇಳಿದ ಹೊತ್ತಿಗೆ ಸ್ವಾಧೀನ ಸಿಗದಾಗ ಕೊಟ್ಟ ಹಣವನ್ನು ಬಡ್ಡಿಸಮೇತ ವಾಪಸು ಕೇಳಬಹುದು. ಮಳಿಗೆಯೇ ಬೇಕೆನ್ನುವವರು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಅಲ್ಲಿ ನೀವು ಮಳಿಗೆಯಲ್ಲಿ ಕೂರುವವರೋ, ಬಾಡಿಗೆ ಎಣಿಸುವವರೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಮಸ್ಕಾರ.