ನಾಯಿಗೆ ಹಾರ್ಟ್‌ವರ್ಮ್: ಈ ತಿಂಗಳ ಗುಳಿಗೆ ಹೋದ ತಿಂಗಳ ಸೊಳ್ಳೆಗೆ

[ದೃಶ್ಯ: ಮುಸ್ಸಂಜೆ. ಗಂಗಾವತಿ ಹತ್ತಿರದ ಭತ್ತದ ಗದ್ದೆ. ಬದುವಿನ ಮೇಲೆ ಕೂತ ನಾಯಿ ಕಿವಿ ಕೊಡವುತ್ತಿದೆ.]

ನಿರೂಪಣೆ:
"ಮೂರು ತಿಂಗಳಿಗೊಮ್ಮೆ ಜಂತಿನ ಗುಳಿಗಿ ಹಾಕ್ತೀವ್ರಿ, ಉಣ್ಣಿಗೂ ಗುಳಿಗಿ ಕೊಟ್ಟೀವಿ. ಇನ್ನೇನು ಬೇಕ್ರಿ?"

ನಾಯಿ ಸಾಕಿದವರು ಹೀಗೆ ಕೇಳುವುದು ಸಹಜ. ಎರಡೂ ಬೇಕಾದ ಔಷಧಿಗಳೇ. ಆದರೆ ಪೈರಾಂಟೆಲ್, ಪ್ರಾಜಿಕ್ವಾಂಟೆಲ್, ಫೆನ್‌ಬೆಂಡಜೋಲ್ ಇರುವ ಜಂತಿನ ಗುಳಿಗೆ ಕರುಳಿನ ಹುಳುಗಳಿಗೆ. ಬರೀ ಫ್ಲುರಾಲನರ್ ಅಥವಾ ಅಫಾಕ್ಸೊಲನರ್ ಇರುವ ಗುಳಿಗೆ ಉಣ್ಣಿ, ಚಿಗಟಗಳಿಗೆ. ಹಾರ್ಟ್‌ವರ್ಮ್, ಅಂದರೆ ಹೃದಯದ ಹುಳು, ಇರುವುದು ಕರುಳಿನಲ್ಲೂ ಅಲ್ಲ, ಚರ್ಮದ ಮೇಲೂ ಅಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ. ಅಲ್ಲಿ ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್, ಅಂದರೆ ಸುಮಾರು ಒಂದು ಅಡಿ ಉದ್ದ ಬೆಳೆಯುತ್ತದೆ. ಐದರಿಂದ ಏಳು ವರ್ಷ ಬದುಕುತ್ತದೆ. ಇದನ್ನು ತಡೆಯಲು ತಿಂಗಳಿಗೊಮ್ಮೆ ಕೊಡುವ ಬೇರೆಯೇ ಔಷಧಿ ಬೇಕು.

[ಚಿತ್ರ: ಸೊಳ್ಳೆ, ನಾಯಿ, ರಕ್ತನಾಳ. ಕೆಳಗೆ ದಿನಗಳ ಪಟ್ಟಿ ಸರಿಯುತ್ತಾ ಹೋಗುತ್ತದೆ.]

ನಿರೂಪಣೆ:
ಇದು ನಾಯಿಯಿಂದ ನಾಯಿಗೆ ನೇರವಾಗಿ ಅಂಟುವುದಿಲ್ಲ. ಒಟ್ಟಿಗೆ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ನಡುವೆ ಸೊಳ್ಳೆ ಬೇಕೇ ಬೇಕು. ಹುಳು ಇರುವ ನಾಯಿಯ ರಕ್ತದಲ್ಲಿ ಕಣ್ಣಿಗೆ ಕಾಣದ ಮರಿಹುಳುಗಳು ಓಡಾಡುತ್ತಿರುತ್ತವೆ. ಹೆಸರು ಮೈಕ್ರೋಫೈಲೇರಿಯಾ. ಆ ರಕ್ತ ಹೀರಿದ ಸೊಳ್ಳೆಯ ಮೈಯೊಳಗೆ, 27 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಅವು 10ರಿಂದ 14 ದಿನಕ್ಕೆ ಸೋಂಕು ಹರಡುವಷ್ಟು ಬೆಳೆಯುತ್ತವೆ. ಸುಮಾರು 14 ಡಿಗ್ರಿಗಿಂತ ತಣ್ಣಗಾದರೆ ಆ ಬೆಳವಣಿಗೆ ನಿಲ್ಲುತ್ತದೆ. ಚಳಿದೇಶಗಳಲ್ಲಿ ಕೆಲವು ತಿಂಗಳು ಔಷಧಿ ನಿಲ್ಲಿಸುವುದು ಇದಕ್ಕೇ. ರಾಯಚೂರು, ಬಳ್ಳಾರಿಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬೆಚ್ಚಗೇ ಇರುತ್ತದೆ. ಹಾಗಾಗಿ ನಮ್ಮ ಕಡೆ ಔಷಧಿಗೆ ಬಿಡುವಿನ ತಿಂಗಳು ಅಂತ ಇಲ್ಲ.

ಇನ್ನು ತಾರೀಖಿನ ಲೆಕ್ಕ. ಸೊಳ್ಳೆ ಬಿಟ್ಟ ಮರಿಹುಳು ಮೊದಲು ಚರ್ಮದಡಿಯಲ್ಲಿ, ಆಮೇಲೆ ಸ್ನಾಯುಗಳ ನಡುವೆ ಇರುತ್ತದೆ. 3ರಿಂದ 12 ದಿನದೊಳಗೆ ಒಂದು ಪೊರೆ ಕಳಚುತ್ತದೆ. 50ರಿಂದ 70 ದಿನಕ್ಕೆ ಇನ್ನೊಂದು. ಈ ಎರಡನೆಯ ಪೊರೆ ಕಳಚುವ ಮೊದಲು ಅದನ್ನು ಕೊಲ್ಲುವುದು ಸುಲಭ, ಆಮೇಲೆ ತಿಂಗಳ ಗುಳಿಗೆಗೆ ಅದು ಸರಿಯಾಗಿ ಬಗ್ಗುವುದಿಲ್ಲ. ಸುಮಾರು 70 ದಿನದ ಹೊತ್ತಿಗೆ ಮೊದಲ ಹುಳು ಶ್ವಾಸಕೋಶದ ರಕ್ತನಾಳ ಮುಟ್ಟಿರುತ್ತದೆ.

ಎಂದರೆ, ನೀವು ಇವತ್ತು ಕೊಟ್ಟ ಗುಳಿಗೆ ಮುಂದಿನ ತಿಂಗಳಿಗೆ ಕಾವಲು ಕೂರುವುದಿಲ್ಲ. ಕಳೆದ 30 ದಿನಗಳಲ್ಲಿ ಒಳಗೆ ಸೇರಿದ ಮರಿಹುಳುಗಳನ್ನು ಗುಡಿಸಿ ಹಾಕುತ್ತದೆ, ಅಷ್ಟೇ. ಇದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸರಳ. "ಮಳೆಗಾಲ ಮುಗೀತು, ಇನ್ನು ಸಾಕು" ಎಂದು ನಿಲ್ಲಿಸಿದರೆ ಕೊನೆಯ ತಿಂಗಳು ಕಚ್ಚಿದ ಸೊಳ್ಳೆಗಳ ಹುಳು ಹಾಗೇ ಉಳಿಯಿತು ಎಂದರ್ಥ.

[ದೃಶ್ಯ: ಗೋಡೆಯ ಕ್ಯಾಲೆಂಡರ್. ಅಮಾವಾಸ್ಯೆಯ ಚೌಕದ ಮೇಲೆ ಪೆನ್ನಿನ ಗುರುತು.]

ನಿರೂಪಣೆ:
ತಾರೀಖು ಮರೆಯುವವರಿಗೆ ಒಂದು ದಾರಿ ಇದೆ. ನಮ್ಮ ಊರುಗಳಲ್ಲಿ ಅಮಾವಾಸ್ಯೆಯನ್ನು ಯಾರೂ ಮರೆಯುವುದಿಲ್ಲ, ಎತ್ತಿಗೂ ಟ್ರ್ಯಾಕ್ಟರಿಗೂ ಅವತ್ತು ಪೂಜೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನದ ಲೆಕ್ಕ. ಗುಳಿಗೆಗೆ ಬೇಕಾದ ಅಂತರ ಹೆಚ್ಚುಕಡಿಮೆ ಅಷ್ಟೇ. ಅವತ್ತೇ ಕೊಡಿ.

ಯಾವ ಔಷಧಿ? ಪೊಟ್ಟಣದ ಮೇಲೆ ಈ ನಾಲ್ಕು ಹೆಸರುಗಳಲ್ಲಿ ಒಂದು ಇರಬೇಕು: ಐವರ್ಮೆಕ್ಟಿನ್, ಮಿಲ್ಬೆಮೈಸಿನ್, ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್. ಅದು ನಾಯಿಗೆಂದೇ ಮಾಡಿದ ಔಷಧಿಯಾಗಿರಬೇಕು, ಹಾರ್ಟ್‌ವರ್ಮ್ ತಡೆಗೆ ಎಂದು ಬರೆದಿರಬೇಕು. ಮಿಲ್ಬೆಮೈಸಿನ್ ಬಾಯಿಗೆ ಕೊಡುವುದು, ಕಿಲೋಗೆ ಕನಿಷ್ಠ 0.5 ಮಿಲಿಗ್ರಾಂ. ಸೆಲಮೆಕ್ಟಿನ್ ಕುತ್ತಿಗೆಯ ಹಿಂದೆ ಹಾಕುವ ಹನಿ, ಕಿಲೋಗೆ 6 ಮಿಲಿಗ್ರಾಂ. ಮಾಕ್ಸಿಡೆಕ್ಟಿನ್ ಹನಿಯಾದರೆ 2.5 ಮಿಲಿಗ್ರಾಂ. ನಿಮ್ಮ ನಾಯಿಗೆ ಯಾವುದು ಎಂಬುದನ್ನು ಪಶುವೈದ್ಯರು ನಿರ್ಧರಿಸಲಿ.

[ದೃಶ್ಯ: ಕುರಿಹಟ್ಟಿ. ಔಷಧಿ ಬಾಟಲಿ, ಪಕ್ಕದಲ್ಲಿ ಸಿರಿಂಜ್. ತೆರೆಯ ಮೇಲೆ ಲೆಕ್ಕ.]

ನಿರೂಪಣೆ:
ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಾಯಿ ಸಾಯುವುದು ಇಲ್ಲೇ. ಕುರಿ, ದನ ಇರುವ ಮನೆಗಳಲ್ಲಿ ಐವರ್ಮೆಕ್ಟಿನ್ ಇಂಜೆಕ್ಷನ್ ಇರುತ್ತದೆ. ಅದರ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ ಔಷಧಿ. ಹಾರ್ಟ್‌ವರ್ಮ್ ತಡೆಯಲು ನಾಯಿಗೆ ಬೇಕಾದದ್ದು ಕಿಲೋಗೆ 6 ಮೈಕ್ರೋಗ್ರಾಂ ಮಾತ್ರ. 20 ಕಿಲೋ ನಾಯಿಗೆ 120. ಆ ಬಾಟಲಿಯಿಂದ ಅಳೆದರೆ 0.012 ಎಂಎಲ್. ಇನ್ಸುಲಿನ್ ಸಿರಿಂಜಿನ ಒಂದೇ ಒಂದು ಗೆರೆಯಷ್ಟು! ಕೈ ನಡುಗಿದರೆ ಡೋಸ್ ಎರಡು ಪಟ್ಟು, ಮೂರು ಪಟ್ಟು. ಕಣ್ಣಂದಾಜಿಗೆ ಒಂದು ಎಂಎಲ್ ಚುಚ್ಚಿದರೆ ಅದೇ ನಾಯಿಗೆ ಕಿಲೋಗೆ 500 ಮೈಕ್ರೋಗ್ರಾಂ ಹೋಯಿತು. ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳಲ್ಲಿ ಮತ್ತು ಅವುಗಳ ಬೆರಕೆಯಲ್ಲಿ ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ಜೀನ್ ಕೆಟ್ಟಿರಬಹುದು. ಅಂಥ ನಾಯಿಗೆ ಕಿಲೋಗೆ 100 ಮೈಕ್ರೋಗ್ರಾಂ ದಾಟಿದರೇ ವಿಷ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ನಡೆಯುವಾಗ ತೂರಾಡುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಮನುಷ್ಯರ 12 ಮಿಲಿಗ್ರಾಂ ಗುಳಿಗೆಯೂ ಅಷ್ಟೇ, 10 ಕಿಲೋ ನಾಯಿಯ ಡೋಸ್ ಅದರ ಇನ್ನೂರರ ಒಂದು ಪಾಲು. ಯಾರ ಚಾಕುವಿಗೂ ಅಷ್ಟು ಸಣ್ಣಗೆ ಕತ್ತರಿಸಲು ಬರುವುದಿಲ್ಲ.

ಇನ್ನೊಂದು ಗುಳಿಗೆ, ಡಿಇಸಿ. ಆನೆಕಾಲು ರೋಗಕ್ಕೆ ಸರ್ಕಾರ ಮನೆಮನೆಗೆ ಹಂಚುವ ಔಷಧಿ, ರಾಯಚೂರು ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಆ ರೋಗದ ಹುಳುವೂ ಸೊಳ್ಳೆಯಿಂದಲೇ ಬರುವುದರಿಂದ "ನಾಯಿಗೂ ಇದೇ ಆದೀತು" ಅನ್ನಿಸಬಹುದು. ಹುಳು ಬೇರೆ, ಕೊಡಬೇಡಿ. ರಕ್ತದಲ್ಲಿ ಮರಿಹುಳು ತುಂಬಿರುವ ನಾಯಿಗೆ ಡಿಇಸಿ ಕೊಟ್ಟರೆ ಅವು ಒಮ್ಮೆಲೇ ಸತ್ತು ನಾಯಿ ಆಘಾತಕ್ಕೊಳಗಾಗಿ ಪ್ರಾಣ ಬಿಡಬಹುದು. ನಿಮ್ಮ ಪಾಲಿನ ಗುಳಿಗೆಯನ್ನು ನೀವೇ ನುಂಗಿ.

[ದೃಶ್ಯ: ಪಶು ಆಸ್ಪತ್ರೆಯ ಮೇಜು. ಮುಂಗಾಲಿನಿಂದ ರಕ್ತ ತೆಗೆಯುತ್ತಿದ್ದಾರೆ.]

ನಿರೂಪಣೆ:
ಮರಿಗೆ ಎಂಟು ವಾರಕ್ಕೆ ಶುರು ಮಾಡಿ, ಟೆಸ್ಟ್ ಬೇಕಿಲ್ಲ. ಏಳು ತಿಂಗಳು ದಾಟಿದ ನಾಯಿಗೆ ಮೊದಲು ರಕ್ತಪರೀಕ್ಷೆ, ಆಮೇಲೆ ಔಷಧಿ. ರಕ್ತದಲ್ಲಿ ಹುಳುವಿನ ಗುರುತು ಹುಡುಕುವ ಆಂಟಿಜೆನ್ ಟೆಸ್ಟ್ ಹಿಡಿಯುವುದು ಬೆಳೆದ ಹೆಣ್ಣು ಹುಳುವನ್ನು, ಹುಳು ಅಷ್ಟು ಬೆಳೆಯಲು ಆರೇಳು ತಿಂಗಳು ಬೇಕು. ಬರೀ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿದರೆ ಸಾಲದು. ಹುಳು ಇದ್ದೂ ರಕ್ತದಲ್ಲಿ ಮರಿಹುಳು ಇಲ್ಲದ ನಾಯಿಗಳಿವೆ. ಮರಿಹುಳು ಕಂಡರೂ ಅದು ಹೃದಯದ್ದೇ ಎನ್ನಲಾಗದು, ಚರ್ಮದಡಿ ಬದುಕುವ ರೆಪೆನ್ಸ್ ಎಂಬ ಇನ್ನೊಂದು ಜಾತಿ ನಮ್ಮ ದೇಶದಲ್ಲಿದೆ. ಎರಡೂ ಪರೀಕ್ಷೆ ಮಾಡಿಸಿ.

[ದೃಶ್ಯ: ತೂಕದ ಯಂತ್ರದ ಮೇಲೆ ಮರಿಯನ್ನು ಎತ್ತಿಕೊಂಡು ನಿಂತವರು.]

ನಿರೂಪಣೆ:
ತೂಕ ಅಂದಾಜು ಮಾಡಬೇಡಿ. ನಾಯಿಯನ್ನು ಎತ್ತಿಕೊಂಡು ತೂಗಿ, ನಿಮ್ಮ ತೂಕ ಕಳೆಯಿರಿ. ಲ್ಯಾಬ್ರಡಾರ್ ಮರಿ ಎರಡು ತಿಂಗಳಿದ್ದಾಗಿನ ಪೊಟ್ಟಣ ನಾಲ್ಕನೇ ತಿಂಗಳಿಗೆ ಸಾಲುವುದಿಲ್ಲ, ಒಂದು ವರ್ಷದವರೆಗೆ ಪ್ರತಿ ಸಲ ತೂಗಿ. ಗುಳಿಗೆ ಕೊಟ್ಟ ಮೇಲೆ ಕಟ್ಟಿ ಹಾಕಿ ಸ್ವಲ್ಪ ಹೊತ್ತು ಗಮನಿಸಿ. ಕಕ್ಕಿದ್ದರಲ್ಲಿ ಗುಳಿಗೆ ಕಂಡರೆ ವೈದ್ಯರನ್ನು ಕೇಳಿ ಇನ್ನೊಂದು ಕೊಡಿ. ಹನಿ ಔಷಧಿಯಾದರೆ ಕೂದಲು ಸೀಳಿ ಚರ್ಮಕ್ಕೇ ಬೀಳಬೇಕು. ಕೂದಲ ಮೇಲೆ ಬಿದ್ದದ್ದು ವ್ಯರ್ಥ, ಇನ್ನೊಂದು ನಾಯಿ ನೆಕ್ಕಿದರೆ ಅದಕ್ಕೆ ಅಪಾಯ. ಬೇಸಿಗೆಯಲ್ಲಿ ಔಷಧಿಯನ್ನು ಬೈಕಿನ ಡಿಕ್ಕಿಯಲ್ಲಿ, ತಗಡಿನ ಶೆಡ್ಡಿನಲ್ಲಿ ಇಡಬೇಡಿ.

ಸೊಳ್ಳೆಯ ಮಾತು. ಕಾಲುವೆ ನೀರು ಬಿಟ್ಟಾಗ ಸಿಂಧನೂರು, ಕಾರಟಗಿ, ಸಿರುಗುಪ್ಪದ ಗದ್ದೆಗಳಲ್ಲಿ ಹುಟ್ಟುವ ಸೊಳ್ಳೆಯನ್ನು ನಿಲ್ಲಿಸಲಾಗದು. ಮನೆಯದನ್ನು ನಿಲ್ಲಿಸಬಹುದು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ಏರ್ ಕೂಲರಿನ ತಳ, ಎಮ್ಮೆಯ ಕಲ್ಲುಬಾನಿ ಖಾಲಿ ಮಾಡಿ, ಒಳಗೋಡೆ ಉಜ್ಜಿ. ಕೆಲವು ಜಾತಿಯ ಸೊಳ್ಳೆಗಳ ಮೊಟ್ಟೆ ಅಂಟಿರುವುದು ಗೋಡೆಗೆ. ರಾತ್ರಿ ನಾಯಿಯನ್ನು ಜಾಲರಿ ಇರುವ ಜಾಗದಲ್ಲಿ ಮಲಗಿಸಿ. ಪರ್ಮೆಥ್ರಿನ್ ಹನಿಯನ್ನು ಬೆಕ್ಕಿರುವ ಮನೆಯಲ್ಲಿ ಬಳಸಬೇಡಿ, ಬೆಕ್ಕಿಗೆ ಅದು ವಿಷ.

[ದೃಶ್ಯ: ಮೆಟ್ಟಿಲ ಬಳಿ ಕೆಮ್ಮುತ್ತಿರುವ ನಾಯಿ.]

ನಿರೂಪಣೆ:
ಬಿಡದ ಒಣಕೆಮ್ಮು, ಸ್ವಲ್ಪ ಓಡಿದರೂ ದಣಿವು, ಸೊರಗುವುದು, ಹೊಟ್ಟೆ ಊದಿಕೊಳ್ಳುವುದು ಕಂಡರೆ ಪರೀಕ್ಷೆ ಮಾಡಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ನಾಯಿ ಕುಸಿದರೆ ಅದೇ ಗಳಿಗೆ ಆಸ್ಪತ್ರೆಗೆ. ಬೆಳೆದ ಹುಳು ಕೊಲ್ಲುವ ಮೆಲಾರ್ಸೊಮಿನ್ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಗದಿದ್ದಾಗ ವೈದ್ಯರು ಡಾಕ್ಸಿಸೈಕ್ಲಿನ್ ನಾಲ್ಕು ವಾರ, ಜೊತೆಗೆ ತಿಂಗಳಿಗೊಮ್ಮೆ ಮಾಕ್ಸಿಡೆಕ್ಟಿನ್ ಹನಿ ಕೊಡುತ್ತಾರೆ. ಹುಳು ನಿಧಾನವಾಗಿ, ತಿಂಗಳುಗಟ್ಟಲೆ ಸಾಯುತ್ತದೆ. ಸತ್ತ ಹುಳುವಿನ ತುಂಡು ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ನಾಯಿ ಓಡಿದರೆ ಜೀವಕ್ಕೇ ಕುತ್ತು. ಅದಕ್ಕೇ ಹಗ್ಗ ಬಿಚ್ಚಬಾರದು, ಮೂತ್ರಕ್ಕೂ ಕೈಯಲ್ಲಿ ಹಿಡಿದೇ ಕರೆದೊಯ್ಯಬೇಕು.

ತಡೆ ಗುಳಿಗೆ ಕೆಲವು ದಿನ ತಪ್ಪಿದ್ದರೆ ನೆನಪಾದ ಕೂಡಲೇ ಕೊಡಿ. ತಿಂಗಳುಗಳೇ ತಪ್ಪಿದ್ದರೆ ಈಗೊಂದು ಟೆಸ್ಟ್, ಗುಳಿಗೆ ಮತ್ತೆ ಶುರು, ಆರು ತಿಂಗಳ ನಂತರ ಇನ್ನೊಂದು ಟೆಸ್ಟ್. ಆ ಎರಡನೆಯ ತಾರೀಖನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಬರೆದಿಡಿ.