ಅಮ್ಮನ ಕೈ ಜೋಮಿಗೆ ಅಕ್ಯುಪಂಕ್ಚರ್

ಮೊದಲು ನಮ್ಮಮ್ಮನ ಕೈ ಬಗ್ಗೆ ಹೇಳ್ತೀನಿ. ತುಮಕೂರಿನ ನಮ್ಮ ಬೀದಿಯ ಅರ್ಧಕ್ಕರ್ಧ ಬ್ಲೌಸ್ ಹೊಲಿದಿರುವುದು ಇದೇ ಕೈ. ಈಚೆಗೆ ನಡುರಾತ್ರಿ ಜೋಮು ಹಿಡಿದು ಅಮ್ಮನಿಗೆ ಎಚ್ಚರವಾಗುತ್ತದೆ. ಎದ್ದು ಕೂತು, ಒದ್ದೆ ಕೈಯಿಂದ ನೀರು ಕೊಡವುವ ಹಾಗೆ ಕೈ ಕೊಡವುತ್ತಾಳೆ. ಸ್ವಲ್ಪ ಹೊತ್ತು ಸರಿಯಾಗುತ್ತದೆ, ಮತ್ತೆ ಅದೇ ಕಥೆ.

ದೊಡ್ಡಮ್ಮ ವಾಯು ಅಂದರು. ಪಕ್ಕದ ಮನೆ ಆಂಟಿ ಬಿ12 ಕಡಿಮೆ ಇರಬೇಕು ಅಂದರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಕಿರುಬೆರಳಿಗೂ ಜೋಮು ಬರುತ್ತಾ?" ಇಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ, ಅಷ್ಟೇ. ಅಲ್ಲೇ ಸುಳಿವು ಸಿಕ್ಕಿತು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸಂದಿ ಇದೆ, ಕಾರ್ಪಲ್ ಟನಲ್. ಬೆರಳು ಮಡಚುವ, ಹಗ್ಗದಂಥ 9 ಟೆಂಡನ್‌ಗಳ ಜೊತೆ ಮೀಡಿಯನ್ ನರವೂ ಅದರಲ್ಲೇ ನುಗ್ಗಿ ಹೋಗಬೇಕು. ಒಳಗೆ ಊತ ಬಂದರೆ ನರ ಅದುಮಿಕೊಳ್ಳುತ್ತದೆ. ಕಿರುಬೆರಳಿನ ನರ ಬೇರೆ ದಾರಿಯದು, ಹಾಗಾಗಿ ಅದಕ್ಕೆ ಏನೂ ಆಗಿಲ್ಲ. ಶುಗರ್, ಥೈರಾಯ್ಡ್ ಇದ್ದವರಿಗೆ, ಗರ್ಭಿಣಿಯರಿಗೆ ಇದು ಜಾಸ್ತಿ.

ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದೆವು. ಇನ್ನೂ ಶುರುವಿನ ಹಂತ. ರಾತ್ರಿ ಮಣಿಕಟ್ಟು ಮಡಚದಂತೆ ಸ್ಪ್ಲಿಂಟ್ ಹಾಕಿಕೊಂಡು ಮಲಗಿ ಅಂದರು. ಅದರ ಜೊತೆಗೇ ಸೂಜಿ ಚುಚ್ಚಿ ಮಾಡುವ ಅಕ್ಯುಪಂಕ್ಚರ್ ಚಿಕಿತ್ಸೆ ಕೂಡ ನೋಡೋಣ ಅಂತ, ಬಿಎನ್‌ವೈಎಸ್ ಓದಿದ ವೈದ್ಯೆಯೊಬ್ಬರ ಹತ್ತಿರ ಹೋದೆವು. ಪ್ರಕೃತಿ ಚಿಕಿತ್ಸೆಯ ಆ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಕೂಡ ಕಲಿಸುತ್ತಾರೆ.

ಅಮ್ಮ ಮೊದಲು ಪರೀಕ್ಷೆ ಮಾಡಿದ್ದು ಸೂಜಿಯನ್ನು! ಕನ್ನಡಕ ಏರಿಸಿಕೊಂಡು ನೋಡಿ, "ಮೇಡಂ, ಇದಕ್ಕೆ ಕಣ್ಣೇ ಇಲ್ವಲ್ಲ?" ಅಂದಳು. ಹೆಮ್ಮಿಂಗ್ ಸೂಜಿಗಿಂತ ತುಂಬಾ ತೆಳು, ಕಾಲು ಮಿಲಿಮೀಟರ್ ದಪ್ಪ ಅಷ್ಟೇ. ಸೀಲ್ ಒಡೆದು, ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು, ಮೇಲಿಂದ ಬೆರಳಲ್ಲಿ ಟಕ್ ಅಂತ ತಟ್ಟಿದರು. ಒಂದು ಮಣಿಕಟ್ಟಿನ ಗೆರೆಯ ನಡುವೆ, ಇನ್ನೊಂದು ಅಲ್ಲಿಂದ ಎರಡು ಹೆಬ್ಬೆರಳಿನ ಅಗಲದಷ್ಟು ಮೇಲೆ. ಆ ಎರಡನೇ ಜಾಗಕ್ಕೆ ನೈಗುವಾನ್ ಅಂತಾರೆ, ವಾಂತಿ ಬರುವ ಹಾಗಾದಾಗ ಒತ್ತಿಕೊಳ್ಳುವ ಜಾಗವೂ ಅದೇ. ನೋವಾಯ್ತಾ ಅಂದರೆ, "ನೋವಿಲ್ಲ ಕಣೇ, ಕೈ ಭಾರ ಅನ್ನಿಸ್ತಿದೆ" ಅಂದಳು.

ಈಗ ನೀವು ಕೇಳೋದು ಗೊತ್ತು. ಕೆಲಸ ಮಾಡುತ್ತಾ? ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರ ಅಧ್ಯಯನವೊಂದು 2017ರಲ್ಲಿ ಬಂತು. 8 ವಾರ, 16 ಸಲ ಚಿಕಿತ್ಸೆ. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಚುಚ್ಚದ ನಕಲಿ ಸೂಜಿ. ತಮಾಷೆ ಏನು ಅಂದರೆ, ಇಬ್ಬರಿಗೂ ಜೋಮು ಕಡಿಮೆಯಾಯಿತು! ಆದರೆ ನರದ ವೇಗ ಅಳೆದಾಗ ನಿಜವಾದ ಸೂಜಿಯವರದ್ದು ಮೇಲಾಗಿತ್ತು. ಮರುವರ್ಷ, ಚಿಕಿತ್ಸೆಗಳ ಮೇಲಿನ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಹಲವು ಅಧ್ಯಯನ ಒಟ್ಟಿಗೆ ಇಟ್ಟು ನೋಡಿ, ನಕಲಿಗೂ ಅಸಲಿಗೂ ಅಷ್ಟೇನೂ ವ್ಯತ್ಯಾಸ ಕಾಣುತ್ತಿಲ್ಲ ಅಂದರು. ಹಾಗಾಗಿ ಸೂಜಿಯೊಂದರಿಂದಲೇ ವಾಸಿ ಅನ್ನುವವರ ಮಾತು ನಾನಂತೂ ನಂಬಲ್ಲ.

ಅಮ್ಮ ಈಗ ರಾತ್ರಿ ಏಳುವುದು ಕಡಿಮೆಯಾಗಿದೆ. ಸ್ಪ್ಲಿಂಟೋ, ಸೂಜಿಯೋ, ಎರಡೂ ಸೇರಿಯೋ, ಹೇಳೋಕಾಗಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡಿದ್ದೆವಲ್ಲ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಸೂಜಿಗೆ ಮೊದಲು ಹೇಳಲೇಬೇಕು. ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಇಳಿದಿದ್ದರೆ ಇದನ್ನೆಲ್ಲ ಮಾಡುತ್ತಾ ಕೂರಬೇಡಿ. ಆಗ ಬೇಕಾಗುವುದು ಸರ್ಜನ್. ಸಂದಿಯ ಮೇಲಿನ ಪಟ್ಟಿ ಕತ್ತರಿಸಿ ನರಕ್ಕೆ ಜಾಗ ಮಾಡುವ ಸಣ್ಣ ಆಪರೇಷನ್ ಅದು, ಸಾಮಾನ್ಯವಾಗಿ ಕೈ ಮರಗಟ್ಟಿಸಿಯೇ ಮಾಡುತ್ತಾರೆ.

ಅಮ್ಮನಿಗೆ ನರದ ಟೆಸ್ಟ್ ಇನ್ನೊಮ್ಮೆ ಮಾಡಿಸಬೇಕು. ಒಪ್ಪಿದ್ದಾಳೆ. ಆದರೆ ಮದುವೆ ಸೀಸನ್ ಬ್ಲೌಸ್‌ಗಳು ಮುಗಿದ ಮೇಲಂತೆ.